ಕಡಾಯಿಯ ಎಡಗಿವಿ

ರಿಸೋಲತ್ ಅರವತ್ತು ವರ್ಷದ ಬಾಳಿನಲ್ಲಿ ಮನಸ್ಸಿಟ್ಟು ಆಸೆಪಟ್ಟದ್ದು ಒಂದೇ ವಸ್ತುವಿಗೆ. ಅದು ಚಿನ್ನದ ಓಲೆಯಲ್ಲ, ರೇಷ್ಮೆಯ ಅಂಗಿಯೂ ಅಲ್ಲ, ಎರಕದ ಕಬ್ಬಿಣದ ಒಂದು ಕಡಾಯಿ. ಕೋಕಂದ್ ಊರಿನಲ್ಲಿ ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲದವನ ಮನೆಯಲ್ಲೂ ಅಂಥದೊಂದು ಕಡಾಯಿ ಇರುತ್ತದೆ. ರಿಸೋಲತ್‌ಳ ಮನೆಯಲ್ಲಿ ಮಾತ್ರ ಇರಲಿಲ್ಲ, ಯಾಕೆಂದರೆ ಅವಳ ಗಂಡ ಉಸ್ತಾ ಬೋಲ್ತಾ ಕಮ್ಮಾರ.

ಕಮ್ಮಾರನಾದರೆ ಏನಂತೆ ಎಂದು ಕೇಳಬಹುದು. ಓಣಿಯ ಆಚೆ ಬದಿಯಲ್ಲಿ, ಇವರ ಬಾಗಿಲಿಗೆ ಸರಿಯಾಗಿ ಎದುರಿಗೆ, ಉಸ್ತಾ ಹೊಲ್ಮತ್‌ನ ಮನೆ. ಅವನದು ಎರಕ ಹೊಯ್ಯುವ ವಂಶ. ಊರಿನ ಬಜಾರಿನಲ್ಲಿ ಬೋರಲು ಹಾಕಿಟ್ಟ ಕಡಾಯಿಗಳೆಲ್ಲ ಅವನ ಅಂಗಳದಲ್ಲಿ ಹುಟ್ಟಿದವೇ. ಈ ಇಬ್ಬರೂ ಕಬ್ಬಿಣದ ಅನ್ನ ಉಣ್ಣುವವರು, 'ಉಸ್ತಾ' ಎಂದು ಊರು ಕರೆಯುವ ನುರಿತ ಕಸಬುದಾರರು. ಇಬ್ಬರೂ ನಲವತ್ತು ವರ್ಷದಿಂದ ಒಂದೇ ಜಗಳ ಆಡುವವರು.

"ಹಜ್ರತ್ ದಾವೂದರು ಕಬ್ಬಿಣಾನ ಕೈಯಲ್ಲಿ ಮೆತ್ತಗೆ ಮಾಡಿದ್ರು, ಮೇಣದ ಹಾಗೆ. ನೀರು ಮಾಡಿ ಸುರೀಲಿಲ್ಲ. ನಿಂದು ಕಬ್ಬಿಣ ಅಲ್ಲ ಹೊಲ್ಮತ್, ಸಾರು. ಗಟ್ಟಿಯಾದ ಸಾರು. ಒಂದೇಟು ಬಿದ್ರೆ ಎರಡು ಹೋಳು" ಎಂದು ಬೋಲ್ತಾ ಚಹಾದಂಗಡಿಯ ಮಂಚದ ಮೇಲೆ ಕುಳಿತು ಶುರುಮಾಡುವನು.

ಹೊಲ್ಮತ್ ಬೋಲ್ತಾನಿಗಿಂತ ಎರಡು ವರ್ಷ ಚಿಕ್ಕವನು. ಹಾಗಾಗಿ ಬೈಯುವಾಗಲೂ 'ಅಕಾ' ಎಂದು ಅಣ್ಣನ ಮರ್ಯಾದೆ ಬಿಡುತ್ತಿರಲಿಲ್ಲ. "ಹೌದು ಅಕಾ, ದಾವೂದರು ಮೆತ್ತಗೆ ಮಾಡಿದ್ರು. ಆದ್ರೆ ಅವರ ಮಗ ಸುಲೈಮಾನರಿಗೆ ಕರಗಿದ ಲೋಹ ಊಟೆ ಥರ ಹರೀತು. ಮಗ ಅಪ್ಪನಿಗಿಂತ ಒಂದು ಕೈ ಮೇಲೆ ಅಂತ ಆಗಲ್ವಾ?"

ಬೋಲ್ತಾನಿಗೆ ಇದಕ್ಕೆ ಉತ್ತರ ಹೊಳೆಯುತ್ತಿರಲಿಲ್ಲ. ಉತ್ತರ ಹೊಳೆಯದ ಸಿಟ್ಟಿನಲ್ಲಿ ಅವನು ಆಣೆ ಹಾಕಿಬಿಟ್ಟಿದ್ದ: ನನ್ನ ಮನೆಯ ಹೊಸ್ತಿಲೊಳಗೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಪಾತ್ರೆ ಬರಕೂಡದು.

ರಿಸೋಲತ್ ಅಡುಗೆ ಮಾಡುತ್ತಿದ್ದದ್ದು ಅವನು ಮದುವೆಯ ವಾರದಲ್ಲಿ ಬಡಿದು ಕೊಟ್ಟ ಕಡಾಯಿಯಲ್ಲಿ. ಒಂದೇ ತಗಡು, ಅಂಚಿನಿಂದ ಅಂಚಿಗೆ ಒಂದೇ ತೆಳು, ಒಂದು ಸುಕ್ಕಿಲ್ಲ. ಹತ್ತೊಂಬತ್ತರ ಮದುಮಗಳು ಅದನ್ನು ಕಂಡು "ಎಷ್ಟು ಚೆನ್ನಾಗಿದೆ!" ಎಂದಿದ್ದಳು. ಬೋಲ್ತಾ ಅದನ್ನು ಶಿಲಾಶಾಸನ ಮಾಡಿಕೊಂಡ. ನೋಡಲು ಚೆನ್ನಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ತೆಳು ತಗಡು ಬೆಂಕಿ ಮುಟ್ಟಿದ ಕಡೆ ಧಗಧಗ ಕಾಯುತ್ತದೆ, ಮುಟ್ಟದ ಕಡೆ ತಣ್ಣಗೆ ಕೂತಿರುತ್ತದೆ. ಬೀಡು ಹಾಗಲ್ಲ. ನಿಧಾನವಾಗಿ ಕಾಯುತ್ತದೆ, ಮೈಯೆಲ್ಲ ಸಮವಾಗಿ ಕಾಯುತ್ತದೆ, ಕಾದ ಮೇಲೆ ಬೇಗ ಆರುವುದೂ ಇಲ್ಲ. ಇದು ರಿಸೋಲತ್‌ಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದರೆ ಗಂಡನ ಕೈಕೆಲಸಕ್ಕೆ ಕೆಟ್ಟ ಹೆಸರು ಎಂದು ಸುಮ್ಮನಿದ್ದಳು. ಅವನೋ ಪ್ರತಿ ಸಲ ಪಲೋವ್ ತಿಂದು ಮುಗಿಸಿ ಕಡಾಯಿಯ ಅಂಚು ತಟ್ಟಿ "ಕಬ್ಬಿಣ ಅಂದ್ರೆ ಇದು!" ಎನ್ನುವನು. ಅಡುಗೆ ಚೆನ್ನಾಗಿತ್ತು ಎಂದು ಒಂದು ದಿನ ಬಾಯಿತಪ್ಪಿಯೂ ಅಂದವನಲ್ಲ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಬೋಲ್ತಾನ ಮೊಮ್ಮಗಳ ತೊಟ್ಟಿಲ ಹಬ್ಬ ಬಂತು. ಮುನ್ನೂರು ಜನಕ್ಕೆ ಊಟ. ಅಷ್ಟು ಜನಕ್ಕಾದರೆ ಆಣೆಯೂ ಇಲ್ಲ, ಗೀಣೆಯೂ ಇಲ್ಲ, ಮೊಹಲ್ಲಾದ ದೊಡ್ಡ ಕಡಾಯಿಯೇ ಬರಬೇಕು. ಅದು ಹೊಲ್ಮತ್‌ನ ತಾತ ಎರಕ ಹೊಯ್ದದ್ದು, ತೊಂಬತ್ತು ವರ್ಷ ಹಳೆಯದು. ಎರಡು ಕಿವಿಗೂ ಬೊಂಬು ತೂರಿಸಿ ಇಬ್ಬರು ಆಳು ಹೊತ್ತು ತಂದು, ಅಂಗಳದಲ್ಲಿ ಹೂಡಿದ ಒಲೆಯ ಮೇಲೆ ಇಟ್ಟುಹೋದರು. ಹಬ್ಬಕ್ಕೆ ಇನ್ನೂ ಒಂದು ದಿನವಿತ್ತು.

ಮಧ್ಯಾಹ್ನ ರಿಸೋಲತ್ ಕ್ಯಾರೆಟ್ ತೊಳೆಯುತ್ತಿದ್ದಾಗ ತಿದಿಯ ಬುಸುಗುಡುವ ಸದ್ದು ಕೇಳಿತು. ಎದ್ದು ಬಂದು ನೋಡಿದರೆ ಬೋಲ್ತಾ ಕಡಾಯಿಯ ಎಡಗಿವಿಗೆ ಕೆಂಡ ಒಟ್ಟಿದ್ದಾನೆ. ಕೈಯಲ್ಲಿ ಸುತ್ತಿಗೆ.

"ಅಯ್ಯೋ ಏನೂಂದ್ರೆ, ಏನು ಮಾಡ್ತಿದೀರ?"

"ಈ ಕಿವಿ ಸೊಟ್ಟಗಿದೆ, ನೋಡು. ತೊಂಬತ್ತು ವರ್ಷದಿಂದ ಇಡೀ ಮೊಹಲ್ಲಾ ಇದನ್ನ ನೋಡ್ಕೊಂಡು ಸುಮ್ನೆ ಇದೆ. ನನ್ನ ಕೈಲಾಗಲ್ಲಪ್ಪ. ಒಂದೇಟು, ಸರಿಹೋಗತ್ತೆ."

"ಅದು ಬೀಡು ಕಣ್ರೀ!"

"ಕಬ್ಬಿಣ ಕಬ್ಬಿಣಾನೇ. ಕಾಯಿಸಿದ್ರೆ ಬಗ್ಗತ್ತೆ."

ನಲವತ್ತು ವರ್ಷ ಬೀಡು ಕಬ್ಬಿಣವೇ ಅಲ್ಲವೆಂದು ಗಂಟಲು ಹರಿದುಕೊಂಡವನ ಬಾಯಲ್ಲಿ ಈ ಮಾತು ಬಂತು. ಕೈಗೆ ಅಭ್ಯಾಸವಾದದ್ದನ್ನು ಬುದ್ಧಿ ತಡೆಯುವುದಿಲ್ಲ. ಕಿವಿ ಕೆಂಪಗಾದದ್ದನ್ನು ಕಂಡ, ಸುತ್ತಿಗೆ ಎತ್ತಿದ, ಹದವಾಗಿ ಒಂದೇಟು ಹಾಕಿದ. ಕಿವಿ ಕಡಾಯಿಯನ್ನು ಬಿಟ್ಟು ಅವನ ಪಾದದ ಪಕ್ಕ ಬಿತ್ತು.

ಮುರಿದ ಮೈ ಬೂದುಬಣ್ಣಕ್ಕಿತ್ತು, ಕಲ್ಲುಸಕ್ಕರೆ ಒಡೆದ ಹಾಗೆ ಹರಳುಹರಳಾಗಿ. ಬೋಲ್ತಾ ಅದನ್ನು ನೋಡಿದ. ಮೊದಲು ಅವನ ಮುಖ ಅರಳಿತು.

"ನೋಡಿದ್ಯಾ! ನಾನು ಹೇಳಿರಲಿಲ್ವಾ! ಒಂದೇಟು ತಡ್ಕೊಳ್ಳಲ್ಲ ಅಂತ ಹೇಳಿರಲಿಲ್ವಾ? ಮೆದು ಕಬ್ಬಿಣ ಆಗಿದ್ರೆ ನಾರುನಾರಾಗಿ ಜಗ್ಗತ್ತೆ, ಹೀಗೆ ಪಟ್ಟಂತ ಬಿಡಲ್ಲ! ಇದನ್ನ ಈಗ್ಲೇ ತಗೊಂಡು ಹೋಗಿ ಆ ಹೊಲ್ಮತ್‌ನ ಮುಖಕ್ಕೆ..."

ಮಾತು ಅಲ್ಲಿಗೇ ನಿಂತಿತು. ಹೊಲ್ಮತ್‌ನ ಮುಖಕ್ಕೆ ಹಿಡಿದು ಏನೆನ್ನುವುದು? ನಿನ್ನ ತಾತನ ಕಡಾಯಿಯನ್ನು, ಮೊಹಲ್ಲಾದ ಸೊತ್ತನ್ನು, ನಾನೇ ಒಡೆದೆ ಎನ್ನುವುದೇ? ಅರಳಿದ ಮುಖ ನಿಂತ ಹಾಗೆಯೇ ಹುಳ್ಳಗಾಯಿತು. ಇಷ್ಟು ವರ್ಷದ ವಾದ ಗೆದ್ದ ದಿನ, ಗೆದ್ದೆನೆಂದು ಹೇಳಿಕೊಳ್ಳುವ ಯೋಗ ಅವನಿಗಿರಲಿಲ್ಲ. ರಿಸೋಲತ್‌ಗೆ ನಗು ಉಕ್ಕಿತು. ಸೆರಗಿನಂಥ ರುಮಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಯಾರಿಗೂ ಹೇಳ್ಬೇಡ" ಎಂದ ಬೋಲ್ತಾ.

"ಹೇಳಲ್ಲ."

"ಸೊಸೆಗೂ ಹೇಳ್ಬೇಡ."

"ಹೇಳಲ್ಲ ಅಂದ್ನಲ್ಲ. ಆದ್ರೆ ನಂಗೊಂದು ಬೀಡಿನ ಕಡಾಯಿ ಬೇಕು."

ಬೋಲ್ತಾ ಅವಳನ್ನು ದುರುಗುಟ್ಟಿ ನೋಡಿದ. ಅವಳು ಕ್ಯಾರೆಟ್ ತೊಳೆಯಲು ಕುಳಿತಳು. ಅಷ್ಟರಲ್ಲಿ ಓಣಿಯಲ್ಲಿ ಹೊಲ್ಮತ್ ಯಾರನ್ನೋ ಕೂಗುವ ದನಿ ಕೇಳಿತು. ರಿಸೋಲತ್ ಸುಮ್ಮನೆ ಬಾಗಿಲ ಕಡೆ ಕತ್ತು ತಿರುಗಿಸಿದಳು, ಅಷ್ಟೇ.

"ಆಯ್ತು, ಆಯ್ತು! ಈಗ್ಲೇ ಕೊಂಡ್ರೆ ಅವನಿಗೆ ವಾಸನೆ ಬಡಿಯತ್ತೆ. ನಲವತ್ತು ವರ್ಷ ಕೊಳ್ಳದವನು ಇವತ್ತು ಯಾಕೆ ಬಂದ ಅಂತಾನೆ. ಹಬ್ಬ ಮುಗೀಲಿ. ಆಮೇಲೆ ಕಾಲುವೆ ಹೂಳು ತೆಗೆಯೋ ದಿನ ಮೊಹಲ್ಲಾದೋರು ಮತ್ತೆ ಇದರಲ್ಲೇ ಅಡುಗೆ ಮಾಡ್ತಾರಲ್ಲ, ಅಲ್ಲೂ ಯಾರ ಕಣ್ಣಿಗೂ ಬೀಳದೆ ದಾಟಿಬಿಟ್ರೆ, ಮಾರನೇ ದಿನ ಕಡಾಯಿ ನಿನ್ನ ಒಲೆ ಮೇಲೆ. ಮಾತು ಕೊಟ್ಟಿದೀನಿ."

ಆ ಮಧ್ಯಾಹ್ನ ಬೋಲ್ತಾ ಪಟ್ಟ ಪಾಡು ಅವನ ಶತ್ರುವಿಗೂ ಬೇಡ. ಹಳೆಯ ಬಂಡಿಯ ಅಚ್ಚು ತುಂಡರಿಸಿ, ಕಾಯಿಸಿ ಬಡಿದು ಹೊಸ ಕಿವಿ ಮಾಡಿದ. ಮೊದಲ ಸಲ ಅದು ನೆಟ್ಟಗೆ, ಲಕ್ಷಣವಾಗಿ ಬಂತು. ರಿಸೋಲತ್ ಮುರಿದ ಕಿವಿಯನ್ನು ಪಕ್ಕದಲ್ಲಿ ಹಿಡಿದು "ಇದೂ ಸೊಟ್ಟ ಆಗ್ಬೇಕು" ಎಂದಳು. ಅವನು ಹಲ್ಲು ಕಡಿದುಕೊಂಡು ತನ್ನ ಕೈಯಾರೆ ಅದನ್ನು ಸೊಟ್ಟ ಮಾಡಿದ. "ಇನ್ನೂ ಸ್ವಲ್ಪ" ಎಂದಳು. ಇನ್ನೂ ಸ್ವಲ್ಪ ಮಾಡಿದ. ಕಡಾಯಿಗೆ ತೂತು ಕೊರೆದಾಗ ಅವನಿಗೆ ಗೊತ್ತಿದ್ದ ಕಬ್ಬಿಣದ ಸುರುಳಿ ಬರಲಿಲ್ಲ, ಕಾಡಿಗೆಯಂಥ ಪುಡಿ ಉದುರಿತು. ರಿವೆಟ್ ಬಡಿಯುವಾಗ ಉಸಿರು ಕಟ್ಟಿಕೊಂಡು, ಮೊಟ್ಟೆಯ ಮೇಲೆ ಬಡಿದ ಹಾಗೆ ಬಡಿದ. ಕೊನೆಗೆ ರಿಸೋಲತ್ ಮೊಟ್ಟೆಯ ಬಿಳಿಗೆ ಬೂದಿ ಕಲಸಿ ರಿವೆಟ್ ಹೊಡೆದ ಜಾಗಕ್ಕೆ ಮೆತ್ತಿದಳು. ಮೇಲೆ ಕುರಿಬಾಲದ ಕೊಬ್ಬು ಸವರಿ, ಹೊಗೆ ಹಾಕಿದಳು. ಕಪ್ಪಿಗೆ ಕಪ್ಪು ಸೇರಿತು. ಅವಳಿಗೆ ತನ್ನ ಕೆಲಸ ಕಂಡು ಒಳಗೊಳಗೇ ಹೆಮ್ಮೆಯಾಯಿತು.

ತೊಟ್ಟಿಲ ಹಬ್ಬ ಸಾಂಗವಾಗಿ ಮುಗಿಯಿತು. ಕಡಾಯಿಯನ್ನು ವಾಪಸು ಒಯ್ಯಲು ಹೊಲ್ಮತ್ ತಾನೇ ಬಂದು ಎಡಗಿವಿಗೆ ಕೈಹಾಕಿದ. ಹೊಲ್ಮತ್ ಒಂದು ಕ್ಷಣ ನಿಂತ, ನಂತರ "ಹಬ್ಬ ಚೆನ್ನಾಗಾಯ್ತು ಅತ್ತಿಗೆ, ಮಗು ನೂರು ವರ್ಷ ಬಾಳಲಿ" ಎಂದು ಹೇಳಿ ಹೊರಟುಹೋದ. ರಿಸೋಲತ್ ಹೊರಬಿಟ್ಟ ಉಸಿರಿಗೆ ಪಕ್ಕದಲ್ಲಿದ್ದ ದೀಪ ಆರುವುದೊಂದು ಬಾಕಿ. ಅಂದಿನಿಂದ ಅವಳು ಒಲೆಯ ಅಗಲವನ್ನು ಗೇಣಿನಲ್ಲಿ ಅಳೆದು ಅಳೆದು ನೋಡತೊಡಗಿದಳು.

ವಸಂತದ ಹೊಸವರ್ಷದ ಹಬ್ಬ ನವ್‌ರೋಜ್‌ಗೆ ಮುಂಚಿನ ಭಾನುವಾರ ಕಾಲುವೆ ಹೂಳು ತೆಗೆಯುವ ದಿನ. ಗಂಡಸರೆಲ್ಲ ಸಲಿಕೆ ಹಿಡಿದು ಮೊಣಕಾಲುದ್ದ ಕೆಸರಿಗಿಳಿದರು. ಚಹಾದಂಗಡಿಯ ಹಿಂದೆ ದೊಡ್ಡ ಕಡಾಯಿ ಒಲೆಯೇರಿತು. ಹೆಂಗಸರು ರೊಟ್ಟಿಯ ಬುಟ್ಟಿಗಳೊಂದಿಗೆ ಹಿಪ್ಪುನೇರಳೆ ಮರದಡಿ ಕುಳಿತರು. ಪಲೋವ್ ಬಂತು, ಹೋಯಿತು, ತಟ್ಟೆ ಖಾಲಿಯಾದವು. ಯಾರೂ ಕಿವಿಯ ಕಡೆ ನೋಡಲಿಲ್ಲ. ಇನ್ನೇನು ಗೆದ್ದೆವು ಎಂದು ರಿಸೋಲತ್ ರೊಟ್ಟಿಯ ಬಟ್ಟೆ ಮಡಚುತ್ತಿದ್ದಳು. ಆಗ ಹೊಲ್ಮತ್ ಕೈ ಒರೆಸಿಕೊಂಡು ಎದ್ದುನಿಂತ.

"ಅಕ್ಸಕಾಲ್, ಒಂದು ಮಾತು" ಎಂದ. ಅಕ್ಸಕಾಲ್ ತೋಜಿಬಾಯ್ ಮೊಹಲ್ಲಾದ ಹಿರಿಯ, ಬಿಳಿಗಡ್ಡದ ಮುದುಕ. ಜಗಳ ಬಿಡಿಸುವುದಕ್ಕಿಂತ ನೋಡುವುದರಲ್ಲೇ ಅವನಿಗೆ ಖುಷಿ. "ನಮ್ಮ ಬೋಲ್ತಾ ಅಕಾ ಬೀಡು ಒಂದೇಟು ತಡಿಯಲ್ಲ ಅಂತ ನಲವತ್ತು ವರ್ಷದಿಂದ ಹೇಳ್ತಾ ಇದಾರೆ. ಇವತ್ತು ಎಲ್ಲರೂ ಇದೀವಿ. ಇದು ನಮ್ಮ ತಾತನ ಕಡಾಯಿ. ಅಕಾ ಹೊಡೀಲಿ. ಒಡೆದ್ರೆ ಹೊಸದು ನಾನು ಹೊಯ್ದು ಕೊಡ್ತೀನಿ. ಆದ್ರೆ ಹೊಡಿಯೋದು ಇಲ್ಲಿ." ಎಡಗಿವಿಯ ಮೇಲೆ ಬೆರಳಿಟ್ಟ.

ರೊಟ್ಟಿಯ ಬಟ್ಟೆ ರಿಸೋಲತ್‌ಳ ಕೈಯಿಂದ ಜಾರಿತು.

"ಊಟ ಆದ ಕೂಡ್ಲೇ ಇದೆಂಥ ಹುಡುಗಾಟ?" ಎಂದ ಬೋಲ್ತಾ.

"ಯಾಕೆ ಅಕಾ, ಹೆದರಿಕೇನಾ?"

ಬೋಲ್ತಾನ ಗತಿ ನೋಡಿ. ಹೊಡೆಯದಿದ್ದರೆ ಹೇಡಿ. ಜೋರಾಗಿ ಹೊಡೆದರೆ ಕಿವಿ ಬಗ್ಗುತ್ತದೆ. ಬೀಡು ಒಡೆಯಬಹುದೇ ಹೊರತು ಬಗ್ಗುವುದಿಲ್ಲವೆಂದು ಮೊಹಲ್ಲಾದ ಹಾಲುಗಲ್ಲದ ಕೂಸಿಗೂ ಗೊತ್ತು. ಮೆಲ್ಲಗೆ ಹೊಡೆದರೆ ಅದು ಒಡೆಯುವುದೂ ಇಲ್ಲ, ಬಗ್ಗುವುದೂ ಇಲ್ಲ, ಗೆಲುವು ಬೀಡಿನದಾಗುತ್ತದೆ. ಯಾರೋ ಸುತ್ತಿಗೆ ತಂದು ಅವನ ಕೈಗಿಟ್ಟರು. ಮೆಲ್ಲಗೆ ಹೊಡೆದ.

"ಏನಜ್ಜಾ, ಕಡಾಯಿಗೆ ಜೋಗುಳ ಹಾಡ್ತಿದೀರಾ?" ಎಂದ ಒಬ್ಬ ಯುವಕ. ನಗೆ ಎದ್ದಿತು. ಇನ್ನೊಂದು ಏಟು, ಸ್ವಲ್ಪ ಜೋರು. ಮೂರನೆಯದು, ಇನ್ನೂ ಸ್ವಲ್ಪ ಜೋರು. ಕಿವಿ ಇದ್ದ ಹಾಗೇ ಇತ್ತು.

"ಬೀಡು ಗೆಲ್ತು! ಹೊಲ್ಮತ್ ಗೆದ್ದ!" ಎಂದು ಕೂಗಿದರು. ಬೋಲ್ತಾನ ಕತ್ತು ಕೆಂಪೇರಿತು. ಮರದಡಿ ರಿಸೋಲತ್ ತುಟಿಯೊಳಗೇ ಜಪ ಮಾಡುತ್ತಿದ್ದಳು: ಬಾಯಿ ಮುಚ್ಕೊಂಡಿರಿ, ಇನ್ನೊಂದೇ ಗಳಿಗೆ, ಬಾಯಿ ಮುಚ್ಕೊಂಡಿರಿ.

ಅವನು ಮುಚ್ಚಿಕೊಂಡೇ ಇದ್ದ, ಪಾಪ. ಆದರೆ ತೋಜಿಬಾಯ್ ಕೋಲೂರಿಕೊಂಡು ಎದ್ದು ಬಂದು ಕಿವಿಯನ್ನು ಸವರಿದ. "ಅಬ್ಬಾ, ಏನು ಕೆಲಸ! ಮೂರೇಟಿಗೂ ಮಿಸುಕಲಿಲ್ಲ. ಈ ಕಿವಿ ಮಾಡಿದೋನು ಕಣಯ್ಯಾ ಉಸ್ತಾ ಅಂದ್ರೆ. ಇಂಥ ಕೈ ಈಗ ಕೋಕಂದ್‌ನಲ್ಲಿ ಯಾರಿಗಿದೆ? ಬೋಲ್ತಾ, ನೀನು ನಿನ್ನ ಜನ್ಮದಲ್ಲಿ ಇಂಥದೊಂದು ಮಾಡಿದ್ರೆ..."

"ಅದು ನಂದೇ!" ಎಂದು ಬೋಲ್ತಾ ಗುಡುಗಿದ. "ಆ ಕಿವಿ ನಂದು! ನನ್ನ ಕೈಯಲ್ಲಿ ಬಡಿದದ್ದು! ಬಂಡಿ ಅಚ್ಚಿನ ಕಬ್ಬಿಣ, ಮೂರು ಸಲ ಮಡಚಿ ಬಡಿದಿದೀನಿ! ಅವರ ತಾತನ ಕಿವಿ ಒಂದೇ ಏಟಿಗೆ ಕಳಚಿ ಬಿತ್ತು, ನಾನೇ ಹೊಡೆದೆ, ಬೇಕಾದ್ರೆ ನನ್ನ ಹೆಂಡತೀನ ಕೇಳಿ!"

ಮುನ್ನೂರು ಕಣ್ಣು ಹಿಪ್ಪುನೇರಳೆ ಮರದ ಕಡೆ ತಿರುಗಿದವು. ರಿಸೋಲತ್ ಹಣೆ ಚಚ್ಚಿಕೊಂಡಳು. ಅದೇ ಸಾಕ್ಷಿಯಾಯಿತು. ನಗೆ ಹೇಗೆ ಎದ್ದಿತೆಂದರೆ ಕಾಲುವೆಯ ಆಚೆ ದಡದ ಕತ್ತೆಗಳೂ ಅರಚಿದವು.

ಹೊಲ್ಮತ್ ಮಾತ್ರ ಜೋರಾಗಿ ನಗಲಿಲ್ಲ. "ನಂಗೊತ್ತಿತ್ತು ಅಕಾ. ನಮ್ಮ ತಾತ ಮಣ್ಣಿನ ಅಚ್ಚು ಮಾಡುವಾಗ ಕಿವಿಯ ಅಡಿ ಹೆಬ್ಬೆರಳು ಒತ್ತೋನು. ಆ ಗುಳಿ ಎರಕದಲ್ಲಿ ಉಬ್ಬಾಗಿ ಉಳಿಯೋದು. ಚಿಕ್ಕಂದಿನಿಂದ ಈ ಕಡಾಯಿ ಎತ್ತುವಾಗೆಲ್ಲ ನನ್ನ ಬೆರಳು ಅಲ್ಲೇ ಹೋಗತ್ತೆ. ಆ ದಿನ ನಿಮ್ಮನೇಲಿ ಕೈಹಾಕ್ದೆ, ತಾತ ಇರಲಿಲ್ಲ."

ಬೋಲ್ತಾ ತಲೆ ತಗ್ಗಿಸಿದ. "ಎರಕದ ದೋಷ ಅಂದ್ಕೊಂಡೆ" ಎಂದು ಗೊಣಗಿದ. ನಿಜವಾಗಿ ನಾಚಿಕೆಯಾಗಿತ್ತು ಅವನಿಗೆ. "ಮುರಿದದ್ದು ನನ್ನ ಹತ್ರಾನೇ ಇದೆ. ಬಿಸಾಡಿಲ್ಲ. ತಂದ್ಕೊಡ್ತೀನಿ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ತೋಜಿಬಾಯ್ ತೀರ್ಪು ಕೊಟ್ಟ: ಮೊಹಲ್ಲಾದ ಸೊತ್ತು ಒಡೆದದ್ದಕ್ಕೆ ಬರುವ ಭಾನುವಾರ ಹದಿನೈದು ಮಂದಿ ಹಿರಿಯರಿಗೆ ಬೋಲ್ತಾನ ಮನೆಯಲ್ಲಿ ಪಲೋವ್. ಇಷ್ಟು ಕೇಳಿದ್ದೇ ಬೋಲ್ತಾನ ಬೆನ್ನು ಮತ್ತೆ ನೆಟ್ಟಗಾಯಿತು.

"ಬನ್ನಿ! ಎಲ್ಲರೂ ಬನ್ನಿ! ನನ್ನ ಕೈಯಾರೆ ಬಡಿದ ಕಡಾಯೀಲಿ ಉಣ್ಣಿಸ್ತೀನಿ. ನಲವತ್ತೊಂದು ವರ್ಷದಲ್ಲಿ ಅದರಲ್ಲಿ ಒಂದು ಅಗುಳು ಸೀದಿಲ್ಲ. ಬೀಡಿಲ್ಲದೇನೂ ಪಲೋವ್ ಆಗತ್ತೆ ಅಂತ ಗೊತ್ತಾಗಲಿ!"

ಮನೆಗೆ ಹೋಗುವ ದಾರಿಯಲ್ಲಿ ರಿಸೋಲತ್ ಮೆಲ್ಲಗೆ ಕೇಳಿದಳು, "ಏನೂಂದ್ರೆ, ನನ್ನ ಕಡಾಯಿ?"

"ಯಾವ ಕಡಾಯಿ? ಗುಟ್ಟು ಮುಚ್ಚಿಟ್ರೆ ಅಂತ ತಾನೆ ಮಾತಾಗಿದ್ದು? ಗುಟ್ಟೇ ಹೋಯ್ತಲ್ಲ."

"ಬಿಟ್ಟುಕೊಟ್ಟಿದ್ದು ನಾನಾ?"

ಅವನು ಕೇಳಿಸದವನ ಹಾಗೆ ಮುಂದೆ ನಡೆದ. ರಿಸೋಲತ್‌ಗೆ ಕಣ್ಣು ಉರಿಯಿತು. ಅಳು ಅಲ್ಲ, ಸಿಟ್ಟು. ಒಂದು ಅಗುಳು ಸೀದಿಲ್ಲವಂತೆ. ಯಾಕೆ ಸೀದಿಲ್ಲವೆಂದು ಒಂದು ಸಲವಾದರೂ ಒಲೆಯ ಹತ್ತಿರ ಬಂದು ನೋಡಿದ್ದನೇ ಈ ಮನುಷ್ಯ? ಅವಳು ಆ ಕಡಾಯಿಯ ಮುಂದೆ ನಿಂತ ಕಾಲಲ್ಲೇ ಇರುತ್ತಿದ್ದಳು. ನಡುವೆ ಉರಿ ಹೆಚ್ಚಾದರೆ ಇಕ್ಕಳದಲ್ಲಿ ಕೆಂಡವನ್ನು ಅಂಚಿಗೆ ಸರಿಸಬೇಕು, ಅಂಚು ಕಾದರೆ ನಡುವಿಗೆ. ನೂರು ಎಣಿಸಿ ಕಡಾಯಿಯನ್ನು ಕಾಲುಸುತ್ತು ತಿರುಗಿಸಬೇಕು, ಅಕ್ಕಿ ಹಾಕಿದ ಮೇಲಂತೂ ಕಿವಿಗೊಟ್ಟು ತಳದ ಸದ್ದು ಕೇಳಬೇಕು. ಅವಳ ಎಡ ಮಣಿಕಟ್ಟಿನ ಸುಟ್ಟ ಕಲೆಗಳಿಗೆ ಒಂದೊಂದಕ್ಕೂ ಒಂದೊಂದು ಹಬ್ಬದ ಹೆಸರಿಡಬಹುದಿತ್ತು.

ಭಾನುವಾರ ಹದಿನೈದು ಮಂದಿ ಬಂದು ದ್ರಾಕ್ಷಿ ಚಪ್ಪರದಡಿ ಕುಳಿತರು. ರಿಸೋಲತ್ ಎಂದಿನ ಹಾಗೆ ಎಣ್ಣೆ ಕಾಯಿಸಿದಳು, ಮಾಂಸ ಹುರಿದಳು, ಕ್ಯಾರೆಟ್ ಹಾಕಿದಳು, ನೀರು ಹೊಯ್ದಳು. ಅಕ್ಕಿ ಹರಡಿದಳು. ಮುಚ್ಚಳ ಮುಚ್ಚಿದಳು. ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ದಿಂಬಿಗೊರಗಿ ಕುಳಿತು ಬಟ್ಟಲಿಗೆ ಹಸಿರು ಚಹಾ ಬಗ್ಗಿಸಿಕೊಂಡಳು.

ಸೊಸೆ ಮಸ್ತೂರಾ ಓಡಿಬಂದಳು. "ಅತ್ತೆ! ಸೀದ ವಾಸನೆ!"

"ಹ್ಞೂಂ, ನಂಗೂ ಬಂತು."

"ಕೆಂಡ ಸರಿಸ್ಲಾ?"

"ಬೇಡ ಕಣಮ್ಮ. ಕೂತ್ಕೋ. ನೀನೂ ಒಂದು ಬಟ್ಟಲು ಕುಡಿ."

ಪಲೋವ್ ತಟ್ಟೆಗೆ ಬಂದಾಗ ತಳದ್ದು ಇದ್ದಿಲು, ನಡುವಿನದು ಮುದ್ದೆ, ಅಂಚಿನದು ಹಸಿ ಅಕ್ಕಿ. ಉಣ್ಣಲು ಬಂದ ಮನೆಯಲ್ಲಿ ಅನ್ನಕ್ಕೆ ಹೆಸರಿಡುವ ಪದ್ಧತಿ ಕೋಕಂದ್‌ನಲ್ಲಿಲ್ಲ. ಹದಿನೈದು ಗಡ್ಡಗಳು ಒಂದೇ ಸಮನೆ ಅಲ್ಲಾಡಿದವು. "ಬರಕತ್ ಇರಲಿ" ಎಂದು ಮನೆಗೆ ಸಮೃದ್ಧಿ ಹರಸಿದ ತೋಜಿಬಾಯ್, ಹಲ್ಲಿಗೆ ಸಿಕ್ಕ ಅಕ್ಕಿಕಾಳನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳುತ್ತಾ. ಹೊಲ್ಮತ್ ಕರಿ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಕಟುಂ ಕಟುಂ ಎಂದು ಅಗಿದು, "ನಿಜ ಅಕಾ, ಬೀಡಿನ ಕಡಾಯೀಲಿ ಈ ರುಚಿ ಬರಲ್ಲ" ಎಂದ. ಎರಡನೇ ಸಲವೂ ಬಡಿಸಿಕೊಂಡ, ಆ ದುಷ್ಟ.

ಬೋಲ್ತಾ ಒಂದು ಹಿಡಿ ತಿಂದ. ಇನ್ನೊಂದು ಹಿಡಿ ತಿಂದ. ಕಡಾಯಿಯ ಅಂಚು ತಟ್ಟಲು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಆ ಮನೆಯಲ್ಲಿ ಅವನು ಅಷ್ಟು ಹೊತ್ತು ಆ ಬಾಗಿಲಲ್ಲಿ ನಿಂತದ್ದು ಅದೇ ಮೊದಲು. ರಿಸೋಲತ್ ಸೀದ ತಳವನ್ನು ಮರದ ಸೌಟಿನಿಂದ ಕೆರೆಯುತ್ತಿದ್ದಳು.

"ಇವತ್ತು ಏನು ಮಾಡ್ದೆ ಇದಕ್ಕೆ?" ಎಂದ.

"ಏನೂ ಮಾಡಲಿಲ್ಲ. ಮುಚ್ಚಳ ಮುಚ್ಚಿ ಕೂತು ಚಹಾ ಕುಡಿದೆ. ಎದುರುಮನೆಯೋಳು ದಿನಾ ಹಾಗೇ ಮಾಡೋದು, ಅವಳ ಪಲೋವ್ ಸೀಯಲ್ಲ."

"ಮತ್ತೆ ನಲವತ್ತೊಂದು ವರ್ಷದಿಂದ?"

"ನಲವತ್ತೊಂದು ವರ್ಷದಿಂದ ನಾನು ಕೂತಿರಲಿಲ್ಲ."

ಬೋಲ್ತಾ ಅವಳ ಮಣಿಕಟ್ಟು ನೋಡಿದ, ಕಡಾಯಿ ನೋಡಿದ, ಮತ್ತೆ ಮಣಿಕಟ್ಟು ನೋಡಿದ. ಗೂಟದಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು ಓಣಿ ದಾಟಿದ. ಹೊಲ್ಮತ್‌ನ ಬಾಗಿಲು ತಟ್ಟುವ ಸದ್ದು ಅವಳಿಗೆ ಕೂತಲ್ಲಿಗೇ ಕೇಳಿಸಿತು.